ಸರ್ಕಾರ ಒಡವೆ ಅಡವಿಟ್ಟಾಗ

ಒಡವೆ ಅಡವಿಡುವವರು ಸ್ವಂತ ಊರಿನ ಗಿರವಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಪಕ್ಕದೂರಿನ ಬಸ್ಸು ಹಿಡಿಯುತ್ತಾರೆ. ಚೀಲದ ತಳದಲ್ಲಿ ಸರ, ಮೇಲೆ ಒಂದು ಕಟ್ಟು ಸೊಪ್ಪು. 1991ರಲ್ಲಿ ದಿಲ್ಲಿ ಸರ್ಕಾರವೂ ಹಾಗೇ ಗುಟ್ಟಾಗಿ ಹೊರಟಿತು. ಪಕ್ಕದೂರು ಮಾತ್ರ ಲಂಡನ್ನು.

ಸದ್ದಾಂ ಹುಸೇನ್ 1990ರ ಆಗಸ್ಟ್‌ನಲ್ಲಿ ಕುವೈತಿಗೆ ನುಗ್ಗಿದ, ತೈಲ ತುಟ್ಟಿಯಾಯಿತು, ಅನಿವಾಸಿಗಳು ಠೇವಣಿ ಕಿತ್ತುಕೊಂಡರು. ಪಾಪವನ್ನೆಲ್ಲ ಅವನ ತಲೆಗೇ ಕಟ್ಟುವುದೂ ಸರಿಯಲ್ಲ. ಎಂಬತ್ತರ ದಶಕದುದ್ದಕ್ಕೂ ನಾವು ಸಾಲ ಮಾಡಿ ತುಪ್ಪ ತಿಂದವರೇ. ಕೊನೆಗೆ ಎರಡು ಮೂರು ವಾರದ ಆಮದಿಗಾಗುವಷ್ಟು ಡಾಲರ್ ಉಳಿಯಿತು.

ಮೇ ತಿಂಗಳಲ್ಲಿ ಚಂದ್ರಶೇಖರ್ ಸರ್ಕಾರ 20 ಟನ್ ಚಿನ್ನವನ್ನು ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ ಕೊಟ್ಟು ಡಾಲರ್ ತಂದಿತು. ಆ ಚಿನ್ನ ಎಲ್ಲಿಯದು ಗೊತ್ತೇ? ಕಳ್ಳಸಾಗಣೆಯವರಿಂದ ಜಪ್ತಿ ಮಾಡಿದ್ದು! ತರಬೇಡಿರೋ ಎಂದು ಬಡಿದುಕೊಂಡರೂ ಕೇಳದೆ ತಂದ ಪುಣ್ಯಾತ್ಮರು ದೇಶದ ಮಾನ ಉಳಿಸಿದರು. ಜುಲೈನಲ್ಲಿ ರಿಸರ್ವ್ ಬ್ಯಾಂಕು ತನ್ನದೇ ಸುಮಾರು 47 ಟನ್ ಲಂಡನ್ನಿಗೆ ಕಳಿಸಿ ಒತ್ತೆಯಿಟ್ಟಿತು. ಮುಂಬಯಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟ ವ್ಯಾನಿನ ಟೈರು ನಡುದಾರಿಯಲ್ಲಿ ಒಡೆದು, ಕಾವಲಿನವರು ಧಡಧಡ ಇಳಿದು ಗಾಡಿಯನ್ನು ಸುತ್ತುವರಿದರಂತೆ. ಗುಟ್ಟಿನ ಕೆಲಸಕ್ಕೆ ಟೈರೂ ಸಹಕರಿಸಬೇಕಲ್ಲ.

ಅದೇ ತಿಂಗಳು ರೂಪಾಯಿಯ ಬೆಲೆ ಎರಡು ಸಲ ಇಳಿಯಿತು. 24ರಂದು ಮನಮೋಹನ್ ಸಿಂಗ್ ಬಜೆಟ್ ಓದಿದರು, ಅಂದೇ ಬಹುಪಾಲು ಕೈಗಾರಿಕೆಗಳ ಲೈಸೆನ್ಸ್ ಕಟ್ಟಳೆ ಹೋಯಿತು. ಉದಾರೀಕರಣದ ಈ ಕಥೆ ಎಲ್ಲರೂ ಹೇಳುತ್ತಾರೆ, ಬಿಡಿ. ನನಗೆ ಕಾಣುವುದು ಅದರ ಬೆನ್ನಿಗಿರುವ ಅವಮಾನ. ರಿಸರ್ವ್ ಬ್ಯಾಂಕ್ ಈಗ 60,000 ಕೋಟಿ ಡಾಲರಿಗೂ ಮೀರಿದ ವಿದೇಶಿ ವಿನಿಮಯ ಕೂಡಿಟ್ಟು ಕೂತಿರುವುದು ಅದೇ ನೆನಪಿನಿಂದ. ಇಷ್ಟೊಂದು ಹಣ ಕಡಿಮೆ ಬಡ್ಡಿಗೆ ಹೊರದೇಶದಲ್ಲಿ ಕೊಳೆಯುತ್ತಿದೆ ಎಂದು ಕೆಲವು ಅರ್ಥಶಾಸ್ತ್ರಜ್ಞರು ಗೊಣಗುತ್ತಾರೆ. ಗೊಣಗಲಿ. 1997ರಲ್ಲಿ ಡಾಲರ್ ಬರಿದಾಗಿ ಕುಸಿದ ಥಾಯ್ಲೆಂಡ್, ಇಂಡೊನೇಷ್ಯಾಗಳ ಪಾಡು ನೋಡಿದ ಮೇಲೂ ಕೈಬಿಚ್ಚಿ ಖರ್ಚು ಮಾಡಿ ಎನ್ನುವ ಧೈರ್ಯ ನನಗಿಲ್ಲ.

ಚಿನ್ನದ ವಿಷಯದಲ್ಲಂತೂ ನಮ್ಮ ನಡೆ ವಿಚಿತ್ರ. ಕೋಲಾರದ ಗಣಿಗೆ 2001ರಲ್ಲಿ ಬೀಗ ಜಡಿದೆವು. 2009ರಲ್ಲಿ ಐಎಂಎಫ್‌ನಿಂದ 200 ಟನ್ ಕೊಂಡೆವು. ಈಚೆಗೆ ಇಂಗ್ಲೆಂಡಿನಲ್ಲಿಟ್ಟಿದ್ದ 100 ಟನ್ನನ್ನು ಮನೆಗೇ ತಂದುಕೊಂಡೆವು. ಜನ ಕೊಂಡರೆ ಮಾತ್ರ ಡಾಲರ್ ಹೋಯಿತೆಂದು ಸಂಕಟ! 2013ರಲ್ಲಿ ರೂಪಾಯಿ ಜಾರಿದಾಗ ಆಮದು ಸುಂಕ ಶೇ 10ಕ್ಕೇರಿತು, ಕಳ್ಳಸಾಗಣೆಗೆ ಮತ್ತೆ ಸುಗ್ಗಿ. 2024ರಲ್ಲಿ ಶೇ 6ಕ್ಕೆ ಇಳಿಸಿದರೂ ಮಂಗಳೂರು, ಬೆಂಗಳೂರಿನ ವಿಮಾನ ನಿಲ್ದಾಣಗಳಲ್ಲಿ ಪೇಸ್ಟ್ ಮಾಡಿ ತಂದ ಚಿನ್ನ ಸಿಕ್ಕಿತೆಂಬ ಸುದ್ದಿ ನಿಂತಿಲ್ಲ. ಕಸ್ಟಮ್ಸ್‌ನವರು ಅದನ್ನು ಜೋಪಾನವಾಗಿ ಇಟ್ಟಿರಲಿ. ಹಿಂದೊಮ್ಮೆ ಉಪಯೋಗಕ್ಕೆ ಬಂದದ್ದೇ ತಾನೇ.