ಹಿಂದಿನ ಸೀಟು

ನಮ್ಮ ತಿಪಟೂರು ಕಡೆ ತೋಟ ಇದ್ದವರ ಮನೆಯಲ್ಲಿ ಅಟ್ಟ ಇದ್ದೇ ಇರುತ್ತದೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ಹರಡಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ.

ಆ ಅಟ್ಟದ ಕೆಳಗೆ ನಾನು ಇನ್ನೊಂದನ್ನು ಮರೆತಿದ್ದೆ. 1979ರಲ್ಲಿ ಬ್ಯಾಂಕಿನ ಸಾಲ ತೆಗೆದು ಕೊಂಡ ಯೆಜ್ಡಿ ಮೋಟಾರ್‌ಸೈಕಲ್. ಕೊನೆಯ ಸಲ ಓಡಿಸಿದ್ದು 2003ರಲ್ಲಿ. ಅಲ್ಲಿಂದೀಚೆಗೆ ಅದು ಗೋಣಿಚೀಲ ಹೊದ್ದು, ತೆಂಗಿನ ನಾರಿನ ಧೂಳು ಕುಡಿದು, ಸೀಟಿನ ಮೇಲೆ ಮೂರು ತಲೆಮಾರಿನ ಕೋಳಿಗಳಿಗೆ ಬಾಣಂತನ ಮಾಡಿಸಿ ನಿಂತಿತ್ತು. ಗುಜರಿಯವನು ವರ್ಷಕ್ಕೊಂದು ಸಲ ಬಂದು ನೋಡಿ ಹೋಗುತ್ತಿದ್ದ. ನಾನು ‘ಇರಲಿ ಬಿಡಪ್ಪ’ ಅನ್ನುತ್ತಿದ್ದೆ.

ಈ ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬಂದರು. ಮೊಮ್ಮಗಳು ಎಂಜಿನಿಯರಿಂಗ್ ಎರಡನೇ ವರ್ಷ, ಮೊಮ್ಮಗ ಎಂಟನೇ ತರಗತಿ. ಅವಳು ಗೋಣಿಚೀಲ ಎತ್ತಿ ನೋಡಿದವಳೇ, “ತಾತ, ಇದನ್ನ ರೆಡಿ ಮಾಡೋಣ. ಮಳೆಗಾಲ ಮುಗಿಯೋಷ್ಟರಲ್ಲಿ ಆಗುತ್ತೆ. ಆಯುಧಪೂಜೆಗೆ ಪೂಜೆ ಮಾಡಿಸಿ ಟ್ರಿಪ್ ಹೊಡೆಯೋದು” ಅಂದಳು. ಟ್ರಿಪ್ಪು ಹೊಡೆಯುವುದು ಎಂಬ ಮಾತು ನನಗೆ ಇನ್ನೂ ಒಗ್ಗಿಲ್ಲ. ಆದರೂ ಒಪ್ಪಿದೆ. ಹಿಂದೆ ಪೆಟ್ರೋಲಿನ ಲೆಕ್ಕ ಬರೆಯುತ್ತಿದ್ದ ನೋಟ್‌ಬುಕ್ಕನ್ನು ಹುಡುಕಿ ತೆಗೆದು ಅದರಲ್ಲೇ ಖರ್ಚು ಬರೆಯುವ ಕೆಲಸವನ್ನು ಮೊಮ್ಮಗನಿಗೆ ವಹಿಸಿದೆ. ಗುಮಾಸ್ತನ ಮನೆಯಲ್ಲಿ ಯಾವ ಕೆಲಸವೂ ಲೆಕ್ಕವಿಲ್ಲದೆ ಶುರುವಾಗುವುದಿಲ್ಲ.

ಮಕ್ಕಳೇ, ಈ ಗಾಡಿ ನಮ್ಮ ಮೈಸೂರಿನದು. ಮೂಲ ಮಾತ್ರ ದೂರದ್ದು. ಝೆಕ್ ದೇಶದಲ್ಲಿ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕನ್ನು ತಯಾರಿಸುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಆ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ‘ಜಾವಾ’ ಎಂದು ಕರೆದ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಅದೇ ಕಾರ್ಖಾನೆಯಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಬರತೊಡಗಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದರೂ ಗಾಡಿಗಳ ಮೇಲಿನ ಮೋಹ ಹೋಗಲಿಲ್ಲ. ಈಗಲೂ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಜಾವಾ, ಯೆಜ್ಡಿಯವರೆಲ್ಲ ಗಾಡಿ ತೊಳೆದು ಒರೆಸಿಕೊಂಡು ಒಂದೆಡೆ ಸೇರುತ್ತಾರೆ. ಮುಂದಿನ ಜುಲೈಗೆ ನಾವೂ ಹೋಗಬೇಕೆಂದು ಮೊಮ್ಮಗಳು ಪಟ್ಟಿಯಲ್ಲಿ ಬರೆದಿದ್ದಾಳೆ. ನಾನು ಅದರ ಮುಂದೆ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಈ ಗಾಡಿಯ ಒಂದು ಚಮತ್ಕಾರ ಹೇಳಲೇಬೇಕು. ಇದರಲ್ಲಿ ಕಿಕ್ಕರ್ ಬೇರೆ, ಗೇರು ಬೇರೆ ಇಲ್ಲ. ಎಡಗಾಲಿನ ಹತ್ತಿರ ಇರುವ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಕ್ಲಚ್ ಹಿಡಿಯದೆ ಬರೀ ಕಾಲಿನಲ್ಲೇ ಗೇರು ಬದಲಾಯಿಸಬಹುದಿತ್ತು. ಎಂಜಿನ್ ಎರಡು ಸ್ಟ್ರೋಕಿನದು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ನಾನು ಲೀಟರಿಗೆ 40 ಮಿಲಿಲೀಟರ್ ಹಾಕುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಹಾಗೇ ಇದೆ. ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಅದಕ್ಕೇ ಆ ಸದ್ದು. ನಾನು ಸಂಜೆ ರೈಲ್ವೆ ಗೇಟು ದಾಟಿದ ಕೂಡಲೇ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದರು.

ಕೆಲಸ ಶುರುವಾಯಿತು. ಎಂಜಿನ್ ಜಾಮ್ ಆಗಿತ್ತು. ಊರಿನ ಹಳೆಯ ಮೇಸ್ತ್ರಿಯೊಬ್ಬರು ಬಂದು ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಸುರಿದು, “ನಾಕು ದಿನ ಯಾರೂ ಮುಟ್ಟಬೇಡಿ” ಅಂದರು. ನಾಲ್ಕಲ್ಲ, ಒಂಬತ್ತು ದಿನ ಬೇಕಾಯಿತು. ಟ್ಯಾಂಕಿನ ಒಳಗೆ ತುಕ್ಕು. ಅದರೊಳಕ್ಕೆ ಸಣ್ಣ ಜಲ್ಲಿಯನ್ನೂ ಡೀಸೆಲ್ಲನ್ನೂ ಹಾಕಿ ಮೊಮ್ಮಗನ ಕೈಗೆ ಕೊಟ್ಟು ಅಲ್ಲಾಡಿಸು ಎಂದರು. ಹುಡುಗ ಎರಡು ಮಧ್ಯಾಹ್ನ ಅಲ್ಲಾಡಿಸಿ, “ತಾತ, ಕೊಬ್ಬರಿ ಆಗಿದೆಯಾ ನೋಡು!” ಎಂದು ನನ್ನ ಕಿವಿಯ ಹತ್ತಿರ ತಂದ. ಪಿಸ್ಟನ್ ರಿಂಗು, ಪಾಯಿಂಟು, ಕಂಡೆನ್ಸರ್‌ಗಳನ್ನು ಮೊಮ್ಮಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಂದಳು. ಬೋರು ಮಾಡಿಸಿದ್ದೂ ಅಲ್ಲೇ. ಖರ್ಚಿನ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ, ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಇದೆಲ್ಲದರ ನಡುವೆ ನಮ್ಮ ಮನೆಯಾಕೆ ಒಂದು ಸಲವೂ ಅಟ್ಟದ ಕಡೆ ಬರಲಿಲ್ಲ. ಕಾಫಿಯನ್ನು ಮೊಮ್ಮಗನ ಕೈಲಿ ಕಳಿಸುತ್ತಿದ್ದಳು.

ಆಷಾಢದ ಒಂದು ಸಂಜೆ, ಗಾಳಿಗೆ ತೋಟದಲ್ಲಿ ಗರಿಗಳು ದಬದಬ ಬೀಳುತ್ತಿದ್ದವು, ನಡುಮನೆಯಲ್ಲಿ ಕೂತು ಟ್ರಿಪ್ಪಿನ ದಾರಿ ಗುರುತು ಹಾಕಿದೆವು. ಈಗಿನ ಬೈಕಿನವರು ಮೊದಲ ಸವಾರಿಗೇ ಲಡಾಖ್ ಅನ್ನುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ತಿಪಟೂರಿನಲ್ಲೇ ಹುಟ್ಟಿ ಅರಳಗುಪ್ಪೆಯನ್ನು ನೋಡದವರು ಎಷ್ಟೋ ಜನ ಇದ್ದಾರೆ. ಅಲ್ಲಿನ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ಶಿವ ನರ್ತಿಸುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಒಂಬತ್ತನೇ ಶತಮಾನದ ಕೆಲಸ. ಕತ್ತು ನೋಯುವವರೆಗೆ ತಲೆ ಎತ್ತಿ ನೋಡಬೇಕು. ಮೊದಲ ಭಾನುವಾರ ಅದು. ಎರಡನೆಯದು ನೊಣವಿನಕೆರೆ, ಅಲ್ಲೇ ಹತ್ತಿರದ ವಿಘ್ನಸಂತೆಯ ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿ, ಆಮೇಲೆ ತುರುವೇಕೆರೆ. ಮೂರನೆಯದು ಚಿಕ್ಕನಾಯಕನಹಳ್ಳಿಯ ಮೇಲೆ ಹುಳಿಯಾರು, ಬೋರನಕಣಿವೆ ಜಲಾಶಯ. ಅಷ್ಟೇ. ಮುದುಕ ಗಾಡಿಗೂ ಮುದುಕ ತಾತನಿಗೂ ಸಾಕು.

“ಎಲ್ಲಾ ದೀಪಾವಳಿ ಒಳಗೇ ಯಾಕೆ ತಾತ? ಡಿಸೆಂಬರ್ ರಜದಲ್ಲಿ ತಂಪಾಗಿರುತ್ತಲ್ಲ?” ಅಂದಳು ಮೊಮ್ಮಗಳು.

“ಡಿಸೆಂಬರಿನಲ್ಲಿ ರಸ್ತೆ ನಮ್ಮದಲ್ಲಮ್ಮ, ರಾಗಿಯದು” ಅಂದೆ.

ಪಟ್ಟಣದ ಮಕ್ಕಳಿಗೆ ಇದು ಗೊತ್ತಿರಲಾರದು. ಹಿಂದೆ ಸುಗ್ಗಿ ಬಂದರೆ ಊರ ಹೊರಗೆ ನೆಲ ಕೆತ್ತಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ಎತ್ತು ಕಟ್ಟಿ ರೋಣುಗಲ್ಲು ಹೊಡೆದು ಒಕ್ಕಣೆ ಮಾಡುತ್ತಿದ್ದರು. ಎತ್ತುಗಳು ಹೋದವು, ಕಣವೂ ಹೋಯಿತು, ಟಾರು ರಸ್ತೆ ಬಂತು. ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿದರೆ ಬಸ್ಸು, ಲಾರಿಗಳೇ ತುಳಿದು ಒಕ್ಕಿಕೊಡುತ್ತವೆ. ಹಾಗೆ ಮಾಡಬಾರದು ಎಂದು ಪೊಲೀಸರು ಹೇಳುತ್ತಾರೆ, ಪತ್ರಿಕೆಗಳಲ್ಲಿ ಬರುತ್ತದೆ. ರೈತರಿಗೂ ಗೊತ್ತು. ಆದರೆ ಆಳು ಸಿಗದ ಕಾಲದಲ್ಲಿ ಅವರಾದರೂ ಏನು ಮಾಡುತ್ತಾರೆ? ನಾಲ್ಕು ಚಕ್ರದವರು ಅದರ ಮೇಲೆ ಹಾಯಾಗಿ ಹೋಗುತ್ತಾರೆ. ಎರಡು ಚಕ್ರದವರ ಪಾಡು ಬೇರೆ. ಅದರಲ್ಲೂ ಹುರುಳಿ. ಸಿಪ್ಪೆಯೊಡೆದು ಈಚೆ ಬಂದ ಕಾಳು ಟಾರಿನ ಮೇಲೆ ಉರುಳುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಮುಗಿಯಿತು.

ಮೊಮ್ಮಗ ಕೇಳಿದ, “ನೀನು ಬಿದ್ದಿದ್ದೆಯಾ ತಾತ?”

ಬಿದ್ದಿದ್ದೆ. ಮಗನಿಗೆ, ನೆಂಟರಿಗೆ, ಬ್ಯಾಂಕಿನ ಸಹೋದ್ಯೋಗಿಗಳಿಗೆ ನೂರು ಸಲ ಹೇಳಿದ ಕತೆ. ಅದನ್ನೇ ಮತ್ತೆ ಶುರು ಮಾಡಿದೆ. 1986ರ ಸಂಕ್ರಾಂತಿಯ ಹಿಂದಿನ ದಿನ. ತುರುವೇಕೆರೆ ತಾಲ್ಲೂಕಿನ ಮಾವನ ಮನೆಗೆ ಹೊರಟಿದ್ದೆವು. ಐದು ವರ್ಷದ ಮಗ ಟ್ಯಾಂಕಿನ ಮೇಲೆ. ಹಿಂದೆ ಇವಳು, ಎರಡೂ ಕಾಲು ಒಂದೇ ಕಡೆಗೆ ಹಾಕಿ, ತೊಡೆಯ ಮೇಲೆ ಎಳ್ಳುಬೆಲ್ಲದ ಡಬ್ಬಿ. ಆ ಕಾಲದಲ್ಲಿ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಬೈಕ್ ಸವಾರಿ ನೋಡಿದ್ದ ನಮಗೆಲ್ಲ, ಹಿಂದೆ ಹೆಂಡತಿ ಕೂತರೆ ಕೈ ತಾನಾಗಿ ಆಕ್ಸಿಲರೇಟರ್ ತಿರುಗಿಸುತ್ತಿತ್ತು. ಹೆಲ್ಮೆಟ್ ನನಗೂ ಇಲ್ಲ, ಅವಳಿಗೂ ಇಲ್ಲ.

“ಒಂದು ತಿರುವಿನಲ್ಲಿ ಯಾರೋ ಮುದುಕಿ ಎಚ್ಚರವಿಲ್ಲದೆ ಹುರುಳಿ ಹರಡಿದ್ದಳು” ಎಂದು ಹೇಳುತ್ತಿದ್ದೆ, “ಕಾಣಲೇ ಇಲ್ಲ, ನಾನೇನು ಮಾಡಲಿ...”

ಅಡುಗೆಮನೆಯಿಂದ ಮಾತು ಬಂತು. “ಎರಡು ಸಲ ಬೆನ್ನು ತಟ್ಟಿದ್ದೆ.”

ನಾನು ಸುಮ್ಮನಾದೆ.

“ತಿರುವು ಇನ್ನೂ ಅಷ್ಟು ದೂರ ಇತ್ತು. ಹುರುಳಿ ಕಾಣಿಸ್ತಿತ್ತು, ಮುದುಕಿ ಕೈ ಎತ್ತಿ ಬೀಸ್ತಿದ್ದಿದ್ದೂ ಕಾಣಿಸ್ತಿತ್ತು. ನಿಧಾನ ಅಂತ ಎರಡು ಸಲ ತಟ್ಟಿದೆ.” ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಂತೆಯ ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿ, ಒಗ್ಗರಣೆ ಹಾಕಿದಳು.

ನಿಜ. ತಟ್ಟಿದ್ದಳು. ಮೊದಲ ಸಲ ತಟ್ಟಿದಾಗ ಮುಗುಳ್ನಕ್ಕೆ. ಎರಡನೆಯ ಸಲ ತಟ್ಟಿದಾಗ ಇನ್ನೂ ಸ್ವಲ್ಪ ಜೋರು ಮಾಡಿದೆ. ಹೆದರಿಸುವ ಆಸೆ. ಆಮೇಲೆ ನಡೆದದ್ದು ಒಂದು ಕ್ಷಣದ್ದು. ಮಗ ಹುರುಳಿ ಹೊಟ್ಟಿನ ಮೇಲೆ ಜಾರಿ ಕೂತು ಆಟವೆಂದು ನಗುತ್ತಿದ್ದ. ನನಗೆ ಮೊಣಕಾಲು ತರಚಿತ್ತು. ಇವಳು ಎಡಗೈ ಅಡಿಯಲ್ಲಿ ಸಿಕ್ಕಿಕೊಂಡು ಬಿದ್ದಿದ್ದಳು. ರಸ್ತೆಯ ತುಂಬ ಹುರುಳಿಯ ಜೊತೆ ಎಳ್ಳು, ಬೆಲ್ಲ, ಕೊಬ್ಬರಿ ಚೂರು. ನಾನು ಮೊದಲು ಮಾಡಿದ ಕೆಲಸ ಆ ಮುದುಕಿಯನ್ನು ಬಯ್ದದ್ದು. ಆಕೆ ಬಯ್ಗುಳ ತಿನ್ನುತ್ತಲೇ ಇವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದಳು.

ಮೂಳೆ ಕೂಡಿತು, ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. ಇವತ್ತಿಗೂ ತುರುಬು ಕಟ್ಟುವಾಗ ಎಡಗೈ ಅರ್ಧಕ್ಕೇ ನಿಲ್ಲುತ್ತದೆ. ಅಂದಿನಿಂದ ಅವಳು ಯೆಜ್ಡಿ ಹತ್ತಲಿಲ್ಲ. ಮದುವೆ, ಜಾತ್ರೆ, ತವರು, ಎಲ್ಲಿಗಾದರೂ ಅವಳು ಬಸ್ಸಿನಲ್ಲಿ, ನಾನು ಗಾಡಿಯಲ್ಲಿ. ಮೊದಲೇ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಅದನ್ನು ನಾವಿಬ್ಬರೂ ಒಂದು ಅಭ್ಯಾಸವೆನ್ನುವ ಹಾಗೆ ನಡೆಸಿಕೊಂಡು ಬಂದೆವು. ಮುದುಕಿಯ ಕತೆಯನ್ನು ನಾನು ಹೇಳುವಾಗೆಲ್ಲ ಅವಳು ಅಲ್ಲೇ ಇರುತ್ತಿದ್ದಳು. 39 ವರ್ಷದಲ್ಲಿ ಒಂದು ಸಲವೂ ತಿದ್ದಿರಲಿಲ್ಲ. ಮೊಮ್ಮಗಳು ಗಾಡಿ ಓಡಿಸುತ್ತಾಳೆ ಎಂದಾದ ಮೇಲೆ ತಿದ್ದಿದಳು.

ಆ ರಾತ್ರಿ ಊಟದ ಹೊತ್ತಿಗೆ ಮೊಮ್ಮಕ್ಕಳ ಎದುರಿಗೇ, “ಅಜ್ಜಿ ಹೇಳಿದ್ದೇ ಸರಿ ಕಣ್ರಪ್ಪ. ಮುದುಕಿದೇನೂ ತಪ್ಪಿರಲಿಲ್ಲ” ಅಂದೆ. ಇವಳು, “ಸಾರು ಹಾಕಿಸ್ಕೊಳ್ಳಿ” ಅಂದಳು.

ಎಂಜಿನ್ ಸ್ಟಾರ್ಟ್ ಆದದ್ದು ಶ್ರಾವಣದ ಒಂದು ಭಾನುವಾರ. ಹನ್ನೆರಡೋ ಹದಿಮೂರೋ ಕಿಕ್ಕು. ನೀಲಿ ಹೊಗೆ ಅಟ್ಟದ ತುಂಬ ತುಂಬಿ ಕೋಳಿಗಳೆಲ್ಲ ಈಚೆ ಓಡಿದವು. ಆ ಡುಗುಡುಗು ಸದ್ದು ಕೇಳಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು. ಮೇಸ್ತ್ರಿ ನನ್ನ ಮುಖ ನೋಡಿದರು, ಒಂದು ಸುತ್ತು ಹೋಗಿ ಬನ್ನಿ ಎಂಬ ಹಾಗೆ. ನನ್ನ ಲೈಸೆನ್ಸಿನ ಅವಧಿ ಮುಗಿದು ವರ್ಷಗಳಾಗಿವೆ. ಎಡಗಣ್ಣಿನ ಪೊರೆಯ ಆಪರೇಷನ್ನೂ ಆಗಿದೆ. ಕೀಲಿಯನ್ನು ಮೊಮ್ಮಗಳಿಗೆ ಕೊಟ್ಟೆ. ಅವಳಿಗೆ ಲೈಸೆನ್ಸ್ ಇದೆ. ಮೊಮ್ಮಗ ಮುಖ ಊದಿಸಿಕೊಂಡ. ಗೇರಿನ ಗಾಡಿಗೆ ಹದಿನೆಂಟು ತುಂಬಲೇಬೇಕು, ಅಲ್ಲಿಯವರೆಗೆ ಟ್ಯಾಂಕು ಒರೆಸು ಎಂದು ಹೇಳಿದ್ದೇನೆ. ನೋಂದಣಿ ನವೀಕರಣದ ಕಾಗದಗಳು ಇನ್ನೂ ಓಡಾಡುತ್ತಿವೆ, ಅದು ಮುಗಿಯುವವರೆಗೆ ಗಾಡಿ ಗೇಟು ದಾಟುವಂತಿಲ್ಲ. ಅಂಗಳದಲ್ಲೇ ಅವಳು ಎರಡು ಸುತ್ತು ಹಾಕಿದಳು. ಗೇರು ಬದಲಾಯಿಸುವಾಗ ನನಗಿಂತ ಮೆತ್ತಗೆ ಕಾಲು ಹಾಕುತ್ತಾಳೆ.

ಎರಡು ಹೆಲ್ಮೆಟ್ ತಂದಿಟ್ಟಿದ್ದಳು. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಹಿಂದಿನ ಸೀಟು ನನ್ನದು ಎಂದುಕೊಂಡಿದ್ದ ನಾನು ಒಂದನ್ನು ತಲೆಗೆ ಹಾಕಿ ನೋಡಿ ಜಗುಲಿಯ ಮೇಲಿಟ್ಟೆ.

ಸದ್ದು ನಿಂತಮೇಲೆ ನಮ್ಮ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಈಚೆ ಬಂದಳು. ಗಾಡಿಯ ಸುತ್ತ ಒಂದು ಸಲ ನಡೆದಳು. ಹೊಸ ಸೀಟನ್ನು ಬಲಗೈಯಲ್ಲಿ ಒತ್ತಿ ನೋಡಿದಳು. ಆಮೇಲೆ ಜಗುಲಿಯ ಮೇಲಿದ್ದ ಹೆಲ್ಮೆಟ್ ತೆಗೆದುಕೊಂಡು ತಲೆಗೆ ಹಾಕಿಕೊಳ್ಳಲು ನೋಡಿದಳು. ತುರುಬು ತಡೆಯಿತು.

“ಇದಕ್ಕಿಂತ ಒಂದು ಸೈಜು ದೊಡ್ಡದು ಸಿಗುತ್ತಾ ಕೇಳು” ಅಂದಳು ಮೊಮ್ಮಗಳಿಗೆ. “ತುರುವೇಕೆರೆ ದಾರಿ ಅಂದಿರಲ್ಲ, ಎರಡನೇ ಭಾನುವಾರ. ಅದಕ್ಕೆ ನಾನು ಬರ್ತೀನಿ. ತಟ್ಟಿದರೆ ನಿಲ್ಲಿಸ್ತೀಯಾ?”

“ಒಂದೇ ಸಲ ತಟ್ಟು ಅಜ್ಜಿ, ಸಾಕು.”

“ಮತ್ತೆ ನಾನು?” ಅಂದೆ.

“ನೀವು ಬಸ್ಸಲ್ಲಿ ಬನ್ನಿ. ನೊಣವಿನಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯ್ತಿರ್ತೀವಿ.”