ಎಪ್ಪತ್ತೇಳೋ, ಎಪ್ಪತ್ತೆಂಟೋ

1

2024ರ ಆಗಸ್ಟ್ 15, ಗುರುವಾರ. ಗಂಗಾವತಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಶಾಲೆಗೂ ಹೊಳೆಗೂ ನಡುವೆ ನಾಲ್ಕು ಗದ್ದೆ. ಹೊಳೆ ತುಂಗಭದ್ರೆ. ಬೆಳಿಗ್ಗೆ ಆರೂವರೆಗೆ ಹೋದೆ. ಗೇಟಿನ ಬಳಿ ಐದನೇ ಕ್ಲಾಸಿನ ಮೂರು ಹುಡುಗಿಯರು ರಂಗೋಲಿ ಹಾಕುತ್ತಿದ್ದರು. ಅಶೋಕ ಚಕ್ರಕ್ಕೆ 24 ಕಡ್ಡಿ. ಅವರ ಚಕ್ರದಲ್ಲಿ 22 ಇದ್ದವು. ಒಬ್ಬಳು ಮತ್ತೆ ಎಣಿಸಿ, ಜಾಗ ಸಾಲದು ಎಂದಳು.

2

ಬ್ಯಾನರಿನ ಮೇಲೆ ‘77ನೇ ಸ್ವಾತಂತ್ರ್ಯ ದಿನಾಚರಣೆ’ ಎಂದು ಅಚ್ಚಾಗಿತ್ತು. ಎರಡನೆಯ ಏಳರ ಮೇಲೆ ಡ್ರಾಯಿಂಗ್ ಹಾಳೆಯ ತುಂಡು ಅಂಟಿಸಿ 8 ಬರೆದಿದ್ದರು. ಅಂಟು ಇನ್ನೂ ಹಸಿ. ಕಳೆದುಹೋದ ವರ್ಷಗಳನ್ನು ಎಣಿಸಿದರೆ 77, ಆಚರಿಸಿದ ದಿನಗಳನ್ನು ಎಣಿಸಿದರೆ 78 ಎಂದು ಗಣಿತದ ಮೇಡಂ ವಿವರಿಸಿದರು. ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ.

ಬ್ಯಾನರ್ ಹೋದ ವರ್ಷದ್ದು ಎಂದು ಆಮೇಲೆ ಗೊತ್ತಾಯಿತು.

3

ಧ್ವಜ ಕಟ್ಟುವುದು ಪಿ.ಟಿ. ಮೇಷ್ಟ್ರ ಕೆಲಸ. ಸ್ಟಾಫ್ ರೂಮಿನ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಹಳೆಯ ಧೋತರ ಹಾಸಿ, ಆಮೇಲೆ ಧ್ವಜ ಬಿಚ್ಚಿದರು. ಖಾದಿ. 900 ಮಿಲಿಮೀಟರ್ ಉದ್ದ, 600 ಅಗಲ. ಧ್ವಜಕ್ಕೆ ನಿಗದಿಯಾದ ಒಂಬತ್ತು ಅಳತೆಗಳಲ್ಲಿ ಇದೊಂದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದದ್ದು. ಮೇಷ್ಟ್ರು ಅದನ್ನು ಮಡಿಸಿ, ಒಳಗೆ ಚೆಂಡು ಹೂವಿನ ಎಸಳು ಸುರಿದು, ಸುರುಳಿ ಸುತ್ತಿ, ಜೀರುಗುಣಿಕೆ ಹಾಕಿದರು. ಗುಣಿಕೆಯನ್ನು ಮೂರು ಸಲ ಬಿಚ್ಚಿ ನೋಡಿದರು. ಮೂರು ಸಲವೂ ಎಸಳು ಮೇಜಿನ ಮೇಲೆ ಬಿತ್ತು. ಮೂರು ಸಲವೂ ಆಯ್ದು ತುಂಬಿದರು.

ಧ್ವಜದಲ್ಲಿ ಏನನ್ನೂ ಕಟ್ಟಿ ಒಯ್ಯಬಾರದು, ತುಂಬಬಾರದು ಎಂದು ಧ್ವಜ ಸಂಹಿತೆ ಹೇಳುತ್ತದೆ. ಬಿಚ್ಚುವ ಮುನ್ನ ಹೂವಿನ ಎಸಳು ಇಡುವುದಕ್ಕೆ ಅಡ್ಡಿಯಿಲ್ಲ ಎಂದೂ ಹೇಳುತ್ತದೆ. ಸಂಹಿತೆ ಬರೆಯುವಾಗ ಇಂಥ ಮೇಜೊಂದರ ಪಕ್ಕ ಯಾರೋ ನಿಂತಿದ್ದಿರಬೇಕು.

4

ಆಗಸ್ಟ್ 15ಕ್ಕೆ ಧ್ವಜವನ್ನು ಕೆಳಗಿನಿಂದ ಏರಿಸುವುದು, ಜನವರಿ 26ಕ್ಕೆ ಮೇಲೆಯೇ ಕಟ್ಟಿದ್ದನ್ನು ಬಿಚ್ಚುವುದು ಕ್ರಮ ಎನ್ನುತ್ತಾರೆ. ಈ ಶಾಲೆಯಲ್ಲಿ ಎರಡೂ ದಿನ ಮೇಲೆ ಕಟ್ಟಿಯೇ ಬಿಚ್ಚುತ್ತಾರೆ. ಯಾಕೆ ಎಂದು ಕೇಳಿದೆ.

“ಹೂವು ಬೀಳಬೇಕಲ್ರಿ ಸರ್.”

5

ಕಂಬದ ಕಟ್ಟೆಯ ಹತ್ತಿರ ದೊಡ್ಡವರೆಲ್ಲ ಚಪ್ಪಲಿ ಬಿಟ್ಟರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಪಂಚಾಯ್ತಿ ಸದಸ್ಯರು, ಮುಖ್ಯ ಗುರುಗಳು, ಕೊನೆಗೆ ಪಿ.ಟಿ. ಮೇಷ್ಟ್ರೂ. ನೆಲ ಕೆಸರು. ಚಪ್ಪಲಿ ಬಿಡಬೇಕೆಂದು ಸಂಹಿತೆಯಲ್ಲಿ ಎಲ್ಲೂ ಇಲ್ಲ.

ಮಕ್ಕಳು ಬೂಟಿನಲ್ಲೇ ನಿಂತಿದ್ದರು. ಬೂಟು ಸರ್ಕಾರ ಕೊಟ್ಟದ್ದು.

6

ಕಟ್ಟೆಗೆ ಕುಂಕುಮ, ಗಾಂಧಿ ಫೋಟೊದ ಗಾಜಿಗೆ ಕುಂಕುಮ, ಅಂಬೇಡ್ಕರ್ ಫೋಟೊದ ಗಾಜಿಗೆ ಕುಂಕುಮ. ಊದಿನಕಡ್ಡಿ ಸಿಗಿಸಲು ಬಾಳೆಹಣ್ಣು. ಅಧ್ಯಕ್ಷರು ಕಾಯಿ ಒಡೆದರು. ಕಾಯಿನೀರು ರಂಗೋಲಿಯ ಕೇಸರಿ ಪಟ್ಟಿಗೆ ಹರಿಯಿತು.

7

ಆಜ್ಞೆ ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್. ಗೀತೆ ಬಂಗಾಳಿ ಕವಿಯದು. ಸ್ವಾಗತ ಗ್ರಾಂಥಿಕ ಕನ್ನಡದಲ್ಲಿ. ಸಾಲಿನಲ್ಲಿ ಮಾತಾಡಿದ ಹುಡುಗನಿಗೆ ಬೈದದ್ದು ಮಾತ್ರ ಊರಿನ ಕನ್ನಡದಲ್ಲಿ.

8

ಹಗ್ಗ ಎಳೆದರು. ಗುಣಿಕೆ ಸಲೀಸಾಗಿ ಬಿಚ್ಚಿತು. ಎಸಳು ಉದುರಲಿಲ್ಲ. ರಾತ್ರಿಯ ತೇವ ಇನ್ನೂ ಗಾಳಿಯಲ್ಲಿತ್ತು. ಎಲ್ಲರೂ ಕತ್ತೆತ್ತಿ ಕಾದರು. ಚಪ್ಪಾಳೆ ಶುರುವಾಗಿ ನಿಂತಿತು. ಆಮೇಲೆ ಅಷ್ಟೂ ಎಸಳು ಒಂದೇ ಮುದ್ದೆಯಾಗಿ ಅಧ್ಯಕ್ಷರ ಟೋಪಿಯ ಮೇಲೆ ಬಿತ್ತು. ಅವರು ಸೆಲ್ಯೂಟಿನ ಕೈ ಇಳಿಸಲಿಲ್ಲ.

9

ರಾಷ್ಟ್ರಗೀತೆಗೆ 52 ಸೆಕೆಂಡು. ಈ ಶಾಲೆಯಲ್ಲಿ 64 ಆಯಿತು, ನನ್ನ ಗಡಿಯಾರದಲ್ಲಿ. ಆ ಹೊತ್ತಿಗೆ ಒಂದು ಆಡು ಬಂತು. ಕುರ್ಚಿಯ ಮೇಲಿದ್ದ ಗಾಂಧಿ ಫೋಟೊದ ಹಾರಕ್ಕೆ ಬಾಯಿ ಹಾಕಿತು. ಇನ್ನೂರು ಜನ ನೋಡುತ್ತಿದ್ದರು. ಯಾರೂ ಅಲುಗಾಡುವಂತಿರಲಿಲ್ಲ. ಬಿಸಿಯೂಟದ ಅಕ್ಕ ಕಣ್ಣಿನಲ್ಲೇ ಗದರಿಸಿದಳು. ಆಡು ಐದು ಹೂವು ತಿಂದಿತು. ಗೀತೆ ಮುಗಿದೊಡನೆ ನಾಲ್ವರು ಒಟ್ಟಿಗೆ ಓಡಿದರು.

10

ವೇಷದ ಮಕ್ಕಳು: ಕಿತ್ತೂರು ಚೆನ್ನಮ್ಮ ಮೂವರು, ಓಬವ್ವ ಒಬ್ಬಳು, ಸುಭಾಷ್ ಇಬ್ಬರು, ಗಾಂಧಿ ಒಬ್ಬ. ಗಾಂಧಿಗೆ ಚಳಿ. ಅವರವ್ವ ಮೈಗೆ ಸ್ವೆಟರ್ ಹಾಕಿ, ಮೇಲೆ ಬಿಳಿ ಪಂಚೆ ಹೊದಿಸಿದ್ದಳು. ಓಬವ್ವನ ಒನಕೆ ನಿಜವಾದದ್ದು. ಅದನ್ನು ಅವಳ ಅಣ್ಣ ಹಿಂದೆ ನಿಂತು ಹಿಡಿದುಕೊಂಡಿದ್ದ.

11

ಏಳನೇ ಕ್ಲಾಸಿನ ಹುಡುಗ ಸಂಗೊಳ್ಳಿ ರಾಯಣ್ಣನ ಮೇಲೆ ಮಾತಾಡಿದ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ನೇಣಿಗೇರಿಸಿದ್ದು 1831ರ ಜನವರಿ 26 ಎಂದ. ಅಷ್ಟು ಹೇಳಿ ನಿಂತ. ಮುಂದಿನದು ಮರೆತಿದ್ದ. ಜೋರು ಚಪ್ಪಾಳೆ ಬಿತ್ತು. ನನಗೆ ಅಲ್ಲಿಗೇ ಭಾಷಣ ಪೂರ್ತಿಯಾದಂತೆ ಕಂಡಿತು.

12

ಭಾಷಣ ಒಟ್ಟು ಏಳು. ಎಲ್ಲದರಲ್ಲೂ 1947 ಬಂತು. 1948 ಒಂದರಲ್ಲೂ ಬರಲಿಲ್ಲ.

13

ಹಿಂದಿನ ಸಾಲಿನ ಕುರ್ಚಿಗಳಲ್ಲಿ ಬೇರೆ ಮಾತು. 19ನೇ ಗೇಟು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಲ್ಲಿ ಸರಪಳಿ ತುಂಡಾಗಿ ಕೊಚ್ಚಿಹೋದದ್ದು. ಒಟ್ಟು 33 ಗೇಟು, ಹೋದದ್ದು ಒಂದು. ಬದಲಿ ಗೇಟು ಇನ್ನೂ ಕೂತಿರಲಿಲ್ಲ. ಹೊಳೆ ತುಂಬಿ ಹೋಗುತ್ತಿತ್ತು. ನಾಟಿ ಹಾಕಿದವರಿಗೆ ಬೇಸಿಗೆ ಬೆಳೆಯ ನೀರಿನ ಚಿಂತೆ. ವೇದಿಕೆಯಲ್ಲಿ ಒಬ್ಬರು ‘ಬಲಿದಾನ’ ಎಂದಾಗ ನನ್ನ ಪಕ್ಕದವರು “ಮೂವತ್ತು ಟಿಎಂಸಿನೋ ಅರವತ್ತೋ?” ಎಂದು ಕೇಳುತ್ತಿದ್ದರು.

14

ಆ ಅಣೆಕಟ್ಟಿಗೆ 1945ರಲ್ಲಿ ಎರಡು ದಂಡೆಯಲ್ಲೂ ಅಡಿಗಲ್ಲು ಇಟ್ಟರು. ಈ ದಂಡೆಯಲ್ಲಿ ನಿಜಾಮನ ಮಗ, ಬೇರಾರಿನ ರಾಜಕುಮಾರ. ಆ ದಂಡೆಯಲ್ಲಿ ಮದ್ರಾಸಿನ ಗವರ್ನರ್. ಹೊಳೆಯೇ ಗಡಿ. ಹೊಸಪೇಟೆ, ಹಂಪಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆನೆಗೊಂದಿ, ಗಂಗಾವತಿ ಹೈದರಾಬಾದ್ ಸಂಸ್ಥಾನದಲ್ಲಿ.

1947ರ ಆಗಸ್ಟ್ 15ಕ್ಕೆ ಅಣೆಕಟ್ಟಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಅದರ ಒಂದು ತುದಿಗೆ ಸ್ವಾತಂತ್ರ್ಯ ಬಂತು.

15

ಬೇವಿನ ಮರದ ಕೆಳಗೆ ಒಬ್ಬ ಅಜ್ಜ ಕೂತಿದ್ದ. ಕುರ್ಚಿ ಕೊಟ್ಟರೂ ಕಲ್ಲಿನ ಮೇಲೆಯೇ ಕೂತ. 1947ರ ಬಾವುಟ ನೆನಪಿದೆಯೇ ಎಂದು ಕೇಳಿದೆ.

“ಬಾವುಟ ಎಲ್ಲಿಂದು ರೀ? ಅದು ಹೊಳಿ ಆಚಿ ಕಡಿ. ನಮ್ಮ ಕಡಿ ನಿಜಾಮನ ರಜಾಕಾರರ ಗದ್ದಲ. ಒಂದು ರಾತ್ರಿ ಹರಿಗೋಲಿನ್ಯಾಗ ಹೊಳಿ ದಾಟಿದ್ವಿ. ಎಮ್ಮಿ ಹರಿಗೋಲು ಹತ್ತಲಿಲ್ಲ. ನಮ್ಮಪ್ಪ ಅದರ ಬಾಲ ಹಿಡಕೊಂಡು ಈಸಿದ.”

ಆಚೆ ಹೋದಮೇಲೆ?

“ಆ ಕಡಿ ನಮ್ಮ ನಿಜಾಮನ ಹಾಲಿ ರೂಪಾಯಿ ನಡೀತಿದ್ದಿಲ್ಲ. ಇಂಗ್ಲಿಷರ ಕಲ್ದಾರ್ ಬೇಕು. ಎಮ್ಮಿ ಮಾರಿದ್ವಿ.”

ಎಷ್ಟಕ್ಕೆ ಎಂದು ಕೇಳಿದೆ. ಅದು ನೆನಪಿಲ್ಲ ಎಂದ. ಎಮ್ಮೆಯ ಹೆಸರು ಹೇಳಿದ: ಗೌರಿ.

16

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. 1947ರ ಆಗಸ್ಟ್ 15ರಿಂದ ಅಲ್ಲಿಗೆ 399 ದಿನ. 1948 ಅಧಿಕ ವರ್ಷ, ಅದಕ್ಕೇ ಒಂದು ದಿನ ಹೆಚ್ಚು.

ಈ ದಂಡೆಗೆ ಅಡ್ಡಿಯಿಲ್ಲದೆ ಬಂದ ಮೊದಲ ಆಗಸ್ಟ್ 15 ಎಂದರೆ 1949ರದ್ದು. ಅಲ್ಲಿಂದ ಎಣಿಸಿದರೆ ಇವತ್ತಿನದು 76ನೆಯದು. ಗಣಿತದ ಮೇಡಂಗೆ ಹೇಳಿದೆ. ಅವರು ಬ್ಯಾನರ್ ಕಡೆ ನೋಡಿ, “ಇನ್ನೊಂದು ಹಾಳಿ ಅಂಟಿಸೋದು ಬ್ಯಾಡ್ರಿ” ಎಂದರು.

17

ಸಿಹಿ: ಬುಂದೆ. ಪೇಪರ್ ತಟ್ಟೆ ಸಾಲಲಿಲ್ಲ. ಕೊನೆಯ ಸಾಲಿನ ಮಕ್ಕಳು ನೋಟ್‌ಬುಕ್ ಹಾಳೆಯಲ್ಲಿ ಇಸಿದುಕೊಂಡರು. ಒಬ್ಬ ತಿಂದ ಮೇಲೆ ಹಾಳೆ ಓದಿ, ಹೋಂವರ್ಕಿನ ಹಾಳೆ ಎಂದು ಗಾಬರಿಯಾದ.

18

ಕಾಗದದ ಧ್ವಜಗಳನ್ನು ನೆಲಕ್ಕೆ ಬಿಸಾಡಬಾರದು. ಮುಖ್ಯ ಗುರುಗಳು ಮೈಕಿನಲ್ಲಿ ಎರಡು ಸಲ ಹೇಳಿದರು. ಆಮೇಲೆ ತಾವೇ ಒಂದು ಬಕೆಟ್ ಹಿಡಿದು ಮೈದಾನ ಸುತ್ತಿದರು. ಬಕೆಟ್ ಅರ್ಧ ತುಂಬಿತು. ಆ ಬಕೆಟ್ ಎಲ್ಲಿಡುವುದು ಎಂದು ಸಂಜೆಯವರೆಗೂ ತೀರ್ಮಾನವಾಗಲಿಲ್ಲ.

19

ಸಂಜೆ ಧ್ವಜ ಇಳಿಸಲು ಇಬ್ಬರು: ಪಿ.ಟಿ. ಮೇಷ್ಟ್ರು, ಶಾಲೆಯ ಪಕ್ಕದ ಮನೆಯ ಒಬ್ಬ ಹುಡುಗ. ಹುಡುಗ ಬನಿಯನ್ನಿನಲ್ಲಿದ್ದ. ಸಾವಧಾನ್ ಎಂದರು. ನಿಂತ. ನಾನೂ ನಿಂತೆ. ಮೈಕು ಇರಲಿಲ್ಲ. ಹೊಳೆಯ ಸದ್ದು ಬೆಳಿಗ್ಗೆ ಕೇಳಿರಲಿಲ್ಲ, ಈಗ ಕೇಳಿತು.

20

ಬೀರುವಿನಲ್ಲಿ ಎರಡು ಧ್ವಜ. ಒಂದು ಈ ಖಾದಿಯದು. ಇನ್ನೊಂದು ಪಾಲಿಯೆಸ್ಟರ್, 2022ರ ಹರ್ ಘರ್ ತಿರಂಗಾದಲ್ಲಿ ಅಂಚೆ ಕಚೇರಿಯಿಂದ 25 ರೂಪಾಯಿಗೆ ತಂದದ್ದು. ಅದರ ಹಿಂದಿನ ವರ್ಷದ ಕೊನೆಯಲ್ಲಿ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತ್ತು. ಸೆಪ್ಟೆಂಬರ್ 17ಕ್ಕೆ ಯಾವುದು ಎಂದು ಕೇಳಿದೆ.

“ಮಳಿ ನೋಡಿಕೊಂಡು” ಎಂದರು ಮೇಷ್ಟ್ರು.

21

ಸೆಪ್ಟೆಂಬರ್ 17, ಮಂಗಳವಾರ. ಮತ್ತೆ ಹೋದೆ. 19ನೇ ಗೇಟಿನ ಜಾಗದಲ್ಲಿ ತಾತ್ಕಾಲಿಕ ಗೇಟು ಕೂತು ತಿಂಗಳಾಗಿತ್ತು. ಹಿಂದಿನ ಸಾಲಿನಲ್ಲಿ ಈಗ ಗೊಬ್ಬರದ ಮಾತು. ವಿಮೋಚನಾ ದಿನಕ್ಕೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನ ಎಂದು ಹೆಸರು. ಬ್ಯಾನರ್ ಇರಲಿಲ್ಲ, ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು. ಎಷ್ಟನೆಯದು ಎಂದು ಬರೆದಿರಲಿಲ್ಲ.

ಅಜ್ಜ ಬಂದಿರಲಿಲ್ಲ. ಮಳೆಯೂ ಬಂದಿರಲಿಲ್ಲ. ಹಾರಿದ್ದು ಪಾಲಿಯೆಸ್ಟರ್.