ನೆಗಡಿಯ ಅತಿಥಿ

ನೆಗಡಿಗೆ ಮದ್ದು ಹೇಳಲಾರದ ಕನ್ನಡಿಗನನ್ನು ನಾನಂತೂ ಇದುವರೆಗೆ ಕಂಡಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ನಾಲ್ಕು. ಮೂರನೆಯ ಮಹಡಿಯ ಮಂಗಳೂರಿನವರು ಅದನ್ನು ಶೀತ ಎನ್ನುತ್ತಾರೆ. ಧಾರವಾಡದ ಕಡೆಯವರಾದ ನಾವು ನೆಗಡಿ ಎನ್ನುತ್ತೇವೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದು ಸರ್ದಿ. ಹೆಸರು ಏನೇ ಇರಲಿ, ಒಬ್ಬರು ಸೀನಿದರೆ ಸಾಕು, ಮೆಣಸಿನ ಕಷಾಯ, ಹಸಿಶುಂಠಿ, ಅರಿಸಿನದ ಹಾಲು, ನೀಲಗಿರಿ ಎಣ್ಣೆ ನಾಲ್ಕೂ ಮನೆಯಿಂದ ಬಂದು ಬೀಳುತ್ತವೆ. ಇಷ್ಟೆಲ್ಲ ವೈದ್ಯವೂ ಕೈಕಟ್ಟಿ ನಿಲ್ಲಬೇಕಾದಂಥ ಒಂದು ರೋಗಿ ಕಳೆದ ಆಷಾಢದಲ್ಲಿ ನಮ್ಮ ಮನೆಗೆ ಬಂದಿತು.

ಮೊದಲು ಕಂಡವಳು ನನ್ನ ಹತ್ತು ವರ್ಷದ ಮಗಳು. ಕೆಳಗೆ ಮೀಟರ್ ಪೆಟ್ಟಿಗೆಗಳ ಹಿಂದೆ ಬೆಕ್ಕಿನ ಮರಿಯೊಂದು ಒಂಟಿಯಾಗಿ ಕೂತಿದೆ ಎಂದು ಶಾಲೆಯಿಂದ ಬಂದೊಡನೆ ಹೇಳಿದಳು. ಮುಟ್ಟಬೇಡ, ದೂರದಿಂದ ನೋಡುತ್ತಿರು ಎಂದೆ. ಮರಿ ಕಂಡ ಕೂಡಲೆ ಎತ್ತಿಕೊಂಡು ಬರುವುದು ದಯೆಯಲ್ಲ. ಎಷ್ಟೋ ಸಲ ತಾಯಿ ಅಲ್ಲೇ ಎಲ್ಲೋ ಆಹಾರ ಹುಡುಕಲು ಹೋಗಿರುತ್ತದೆ. ಸಂಜೆ ಏಳರ ತನಕ ಕಾದೆವು. ತಾಯಿ ಎರಡು ದಿನದಿಂದ ಕಂಡಿಲ್ಲವೆಂದು ವಾಚ್‌ಮನ್ ಹೇಳಿದ. ಅಷ್ಟರಲ್ಲಿ ಮಳೆಯ ನೀರು ಮೀಟರಿನ ಕಟ್ಟೆಗೆ ಬಂದಿತ್ತು. ಮಗಳು ನನ್ನ ಟವೆಲಿನಲ್ಲಿ ಸುತ್ತಿ ಮರಿಯನ್ನು ಮೇಲೆ ತಂದಳು.

ಬೂದುಬಣ್ಣದ ಹಿಡಿಯಷ್ಟು ಜೀವ. ಎರಡು ಕಣ್ಣೂ ಗೀಜಿನಿಂದ ಅಂಟಿಕೊಂಡಿದ್ದವು. ಮೂಗು ಕಟ್ಟಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಸೀನಿದಾಗ ಆ ಸೀನಿನ ರಭಸಕ್ಕೆ ತಾನೇ ಹಿಂದಕ್ಕೆ ಕುಳಿತುಬಿಡುತ್ತಿತ್ತು.

"ಅಯ್ಯ, ಕೂಸಿಗೆ ನೆಗಡಿ ಆಗ್ಯದಲ್ಲೋ!" ಎಂದರು ನಮ್ಮ ಅವ್ವ. ಬೆಕ್ಕು ಮನೆಯೊಳಗೆ ಬಂದಿತೆಂಬ ಸಿಟ್ಟು ನೆಗಡಿಯನ್ನು ಕಂಡೊಡನೆ ಅರ್ಧ ಇಳಿದುಹೋಯಿತು. ಎದೆಗೆ ತಿಕ್ಕುವ ಮುಲಾಮಿನ ಡಬ್ಬಿ ಹುಡುಕಲು ಎದ್ದರು. ನಾಳೆ ಡಾಕ್ಟರರನ್ನು ಕೇಳೋಣ ಎಂದು ಕೂರಿಸಬೇಕಾಯಿತು.

ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಅವರ ಹೆಸರಿನ ಪ್ರಾಣಿಗಳ ಆಸ್ಪತ್ರೆ 19ನೆಯ ಶತಮಾನದಿಂದಲೂ ಇದೆ. ಆದರೆ ಡೊಂಬಿವಲಿಯ ಬೆಳಗಿನ ಲೋಕಲಿನಲ್ಲಿ ಮನುಷ್ಯನೇ ಇಡಿಯಾಗಿ ಇಳಿದರೆ ಪುಣ್ಯ, ಮರಿಯ ಗತಿಯೇನು? ತರಕಾರಿಯ ಚೀಲದಲ್ಲಿ ಮೆತ್ತಗೆ ಬಟ್ಟೆ ಹಾಸಿ, ಸ್ಟೇಷನ್ ಹತ್ತಿರದ ಡಾಕ್ಟರ್‌ಬಾಯಿಯವರಲ್ಲಿಗೆ ಒಯ್ದೆವು. ಅವರು ತೂಗಿದರು: 380 ಗ್ರಾಂ. ಹಲ್ಲು ನೋಡಿ, ಐದು ವಾರದ್ದಿರಬೇಕು, ಇನ್ನೂ ನೂರು ಗ್ರಾಂ ಇರಬೇಕಿತ್ತು ಎಂದರು. ಬೆಕ್ಕುಗಳ ನೆಗಡಿಗೆ ಹೆಚ್ಚಾಗಿ ಕಾರಣ ಎರಡು ವೈರಸ್‌ಗಳು. ಒಂದು ಹರ್ಪಿಸ್ ಜಾತಿಯದು, ಇನ್ನೊಂದಕ್ಕೆ ಕ್ಯಾಲಿಸಿ ಎಂದು ಹೆಸರು. ಇವು ಬೆಕ್ಕಿನಿಂದ ಬೆಕ್ಕಿಗೆ ಅಂಟುತ್ತವೆ, ಮನುಷ್ಯರಿಗಲ್ಲ. ಅವರು ಬರೆದುಕೊಟ್ಟ ಔಷಧವೂ ವೈರಸ್ಸನ್ನು ಕೊಲ್ಲುವುದಲ್ಲ. ಅದರ ಬೆನ್ನಿಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾಗಳಿಗಾಗಿ. ಉಳಿದದ್ದನ್ನು ಮರಿಯೇ ಗೆಲ್ಲಬೇಕು, ನೀವು ಅದಕ್ಕೆ ಶಕ್ತಿ ಉಳಿಸಿಕೊಡಿ ಎಂದರು.

ಆಮೇಲೆ ಬೇಡಗಳನ್ನು ಹೇಳತೊಡಗಿದರು. ನಮ್ಮವರ ಮದ್ದಿನ ಪೆಟ್ಟಿಗೆಯನ್ನು ಯಾರೋ ಅವರಿಗೆ ಮೊದಲೇ ತೋರಿಸಿದ್ದರೋ ಏನೋ! ಕರ್ಪೂರ, ನೀಲಗಿರಿ ಎಣ್ಣೆ ಸೇರಿದ ಮುಲಾಮು ಬೆಕ್ಕಿಗೆ ವಿಷ. ಮೈಗೆ ಹಚ್ಚಿದರೆ ನೆಕ್ಕಿಕೊಳ್ಳುತ್ತದೆ. ಜ್ವರವಿದೆಯೆಂದು ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ! ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ಹಸುವಿನ ಹಾಲು ಕುಡಿಸಿದರೆ ಭೇದಿ. ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಅದನ್ನೂ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಕೂರಿಸಿ ಕುಡಿಸಬೇಕು. ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿದಾಗ ಅವ್ವ, "ಹಾಂಗಾದ್ರ ಮಾಡೂದು ಏನು ಉಳೀತು?" ಎಂದರು.

ಉಳಿದದ್ದೂ ಕಡಿಮೆಯೇನಲ್ಲ. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟೆವು. ಸೆಕೆಯೆನಿಸಿದರೆ ಇನ್ನೊಂದು ಮೂಲೆಗೆ ಸರಿದುಕೊಳ್ಳಲು ಎಡೆ ಬಿಟ್ಟೆವು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣೊರೆಸುವುದು ಮಗಳ ಪಾಲಿಗೆ ಬಂತು, ಒಂದೊಂದು ಕಣ್ಣಿಗೂ ಬೇರೆ ಹತ್ತಿ. ಬಚ್ಚಲಲ್ಲಿ ಕುದಿನೀರಿನ ಬಕೀಟು ಇಟ್ಟು ಬಾಗಿಲು ಮುಚ್ಚಿ, ಆವಿ ತುಂಬಿದ ಮೇಲೆ ನನ್ನ ಹೆಂಡತಿ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹತ್ತು ನಿಮಿಷ ಕೂರುತ್ತಿದ್ದಳು, ದಿನಕ್ಕೆ ಎರಡು ಹೊತ್ತು. ತನ್ನ ಸ್ವಂತ ನೆಗಡಿಗೆ ಆಕೆ ಎಂದೂ ಇಷ್ಟು ವೇಳೆ ಕೊಟ್ಟವಳಲ್ಲ.

ಆದರೆ ಮರಿ ತಿನ್ನಲಿಲ್ಲ. ಹಾಲನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಟ್ಟರೆ ಅರ್ಧ ನುಂಗಿ ಅರ್ಧ ಚೆಲ್ಲುತ್ತಿತ್ತು. ಮೂರನೆಯ ದಿನ ಕೆಳಗಿನ ಕಿರಾಣಿ ಅಂಗಡಿಯವನ ತಕ್ಕಡಿಯಲ್ಲಿ ತೂಗಿದೆ: 350. ಅಂಗಡಿಯವನು ಮರಿಯನ್ನು ನೋಡಿ, ನನ್ನನ್ನು ನೋಡಿ, ಏನೂ ಹೇಳದೆ ತಕ್ಕಡಿ ಒರೆಸಿಕೊಂಡ. ಮಗಳು ಅಂಕಿಯನ್ನು ತನ್ನ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡು, "ಅಪ್ಪಾ, ಇದು ಉಳಿಯೂದಿಲ್ಲೇನು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಊರಿನಲ್ಲಿ ನಮ್ಮ ಅಟ್ಟದ ಬೆಕ್ಕು ವರ್ಷಕ್ಕೆರಡು ಬಾರಿ ಈಯುತ್ತಿತ್ತು. ಹೀಗೆಯೇ ಕಣ್ಣಂಟಿದ ಮರಿಗಳನ್ನು ನಾನೂ ಕಂಡಿದ್ದೆ. ನಾಲ್ಕರಲ್ಲಿ ಎರಡು ಉಳಿಯುತ್ತಿದ್ದವು. ಉಳಿಯದ ಎರಡರ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಎರಡು ಕೋಣೆಯ ಈ ಮನೆಯಲ್ಲಿ ಹಾಗೆ ಲೆಕ್ಕ ತಪ್ಪಿಸಲು ಅಟ್ಟವಿಲ್ಲ.

ಡಾಕ್ಟರ್‌ಬಾಯಿಗೆ ಫೋನು ಮಾಡಿದೆ. ಬೆಕ್ಕು ವಾಸನೆ ಹಿಡಿದು ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ಎದುರಿಗೆ ಇಟ್ಟದ್ದು ತಿನಿಸೆಂದೇ ಅದಕ್ಕೆ ತೋರುವುದಿಲ್ಲ. ಮೀನು ಬೇಯಿಸಿ, ಮುಳ್ಳು ತೆಗೆದು, ಉಪ್ಪು ಈರುಳ್ಳಿ ಏನೂ ಹಾಕದೆ ಬೆಚ್ಚಗೆ ಮೂಗಿನ ಹತ್ತಿರ ಹಿಡಿಯಿರಿ, ಇವತ್ತೇ ಮಾಡಿ ಎಂದರು.

ನಮ್ಮ ಮನೆಯಲ್ಲಿ ಮೀನು! ಎದುರುಮನೆಯ ಮಾಲವಣದ ವಹಿನಿ ಬೊಂಬಿಲ ಕರಿಯುವ ದಿನ ಅವ್ವ ಕಿಟಕಿಗಳನ್ನೆಲ್ಲ ಮುಚ್ಚಿಸಿ ಊದಿನಕಡ್ಡಿ ಹಚ್ಚುವವರು. ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವ್ವ ಪೆಟ್ಟಿಗೆಯ ಬಳಿ ಹೋಗಿ ಒಂದು ಗಳಿಗೆ ಬಗ್ಗಿ ನೋಡಿದರು. ಸೆರಗು ಸರಿಮಾಡಿಕೊಂಡು ತಾವೇ ಹೊರಗೆ ನಡೆದರು. ಎದುರಿನ ಬಾಗಿಲು ತೆರೆಯಿತು. ಇಷ್ಟು ವರ್ಷ ಮುಂಬಯಿಯ ನೀರು ಕುಡಿದರೂ ಮೀನಿಗೆ ಮರಾಠಿಯಲ್ಲಿ ಏನೆನ್ನುತ್ತಾರೆಂದು ಅವ್ವನಿಗೆ ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. "ವಹಿನೀ, ತೇ..." ಎಂದು, ಅಂಗೈಯನ್ನು ಗಾಳಿಯಲ್ಲಿ ಈಜಿಸಿ ತೋರಿಸಿದರು. ವಹಿನಿ ನಕ್ಕು, ಮಸಾಲೆ ಹಾಕುವ ಮೊದಲೇ ಒಂದು ತುಂಡು ತೆಗೆದಿಟ್ಟು ಬೇಯಿಸಿಕೊಟ್ಟರು.

ಗ್ಯಾಲರಿಯಲ್ಲಿ ತಟ್ಟೆ ಇಟ್ಟೆವು. ಆವಿಯಿಂದ ಆಗತಾನೆ ಸಡಿಲಾಗಿದ್ದ ಮೂಗು ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು. ಮಗಳು ಬೆರಳ ತುದಿಯಲ್ಲಿ ಒಂದಿಷ್ಟು ಹಿಡಿದಳು, ಮರಿ ನೆಕ್ಕಿತು. ಮತ್ತೆ ನೆಕ್ಕಿ, ಬೆರಳನ್ನೇ ಕಚ್ಚಿತು. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ತಿಂತೇನು?"

"ತಿಂತು ಅಜ್ಜಿ."

"ಇನ್ನಷ್ಟು ಹಾಕು. ಅದರ ಜಾತಿ ಅದಕ್ಕ."

ಹತ್ತನೆಯ ದಿನ 430 ಗ್ರಾಂ ಆಯಿತು. ಕಣ್ಣು ತೆರೆದ ಮೇಲೆ ಅದು ಮೊದಲು ಮಾಡಿದ ಕೆಲಸ ಪರದೆ ಹತ್ತಿದ್ದು. ಹರ್ಪಿಸ್ ಆಗಿದ್ದರೆ ಅದು ಮೈಯಲ್ಲಿಯೇ ಅಡಗಿದ್ದು, ಊರು ಮನೆ ಬದಲಾಗಿ ಗಾಬರಿಯಾದಾಗ ಮತ್ತೆ ಸೀನು ತರಬಹುದು ಎಂದು ಡಾಕ್ಟರ್‌ಬಾಯಿ ಎಚ್ಚರಿಸಿದ್ದಾರೆ. ದೀಪಾವಳಿಗೆ ಧಾರವಾಡಕ್ಕೆ ಹೊರಟರೆ ಮರಿಯನ್ನು ಯಾರಲ್ಲಿ ಬಿಡುವುದೆಂಬ ಚರ್ಚೆ ಮನೆಯಲ್ಲಿ ಆಗಲೇ ಸುರುವಾಗಿದೆ. ವಹಿನಿಯ ಮನೆಯೇ ಸರಿ, ಅಲ್ಲಿ ಅದಕ್ಕೆ ಊಟ ಚೆನ್ನಾಗಿ ಸಿಗುತ್ತದೆ ಎಂಬುದು ಅವ್ವನ ಮತ. ಮುಂದಿನ ಶನಿವಾರ ಲಸಿಕೆಗೆ ಬರಹೇಳಿದ್ದಾರೆ. ನನ್ನ ಹೆಂಡತಿ ಆ ಚೀಲವನ್ನು ಒಗೆದು ಒಣಹಾಕಿದ್ದಾಳೆ. ತರಕಾರಿಗೆ ಬೇರೆ ಚೀಲ ತರಬೇಕಂತೆ.